ತಿಕೋಟಾದಾಕಿಯ ಮುಟಗಿ ಮತ್ತು ನನ್ನ ಎಂಟು ಸೂಜಿಗಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ನನ್ನ ಪ್ರಸ್ತಾವ ಎರಡನೇ ಸಲ ವಾಪಸು ಬಂದಾಗ ಲ್ಯಾಪ್‌ಟಾಪನ್ನು ಎಷ್ಟು ಜೋರಾಗಿ ಮುಚ್ಚಿದೆನೆಂದರೆ, ಮೇಜಿನ ಮೇಲಿದ್ದ ಸ್ಟೀಲಿನ ಲೋಟ ಹಾರಿ ಕೆಳಗೆ ಬಿದ್ದು ಬಾಲ್ಕನಿಯವರೆಗೆ ಉರುಳಿಕೊಂಡು ಹೋಯಿತು. ನಮ್ಮ ಮನೆ ಬಿಜಾಪುರದ ಸ್ಟೇಷನ್ ರಸ್ತೆಯಲ್ಲಿ, ಬ್ಯಾಗು ಮಾರುವ ಅಂಗಡಿಯೊಂದರ ಮೇಲೆ. ಕೆಳಗಿನಿಂದ ಅಂಗಡಿಯವರು ಕೂಗಿ ಕೇಳಿದರು.

"ಮೇಡಮ್ಮಾರ, ಏನ್ ಬಿತ್ರಿ?"

"ನನ್ನ ನಸೀಬರಿ!" ಎಂದೆ.

ನಾನು ಇಲ್ಲಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಅದು ಹೊಟ್ಟೆಪಾಡು. ಉಳಿದ ಹೊತ್ತಿನಲ್ಲಿ ಮಾಡುವುದು ಇನ್ನೊಂದು ಕೆಲಸ, ಅದು ಹುಚ್ಚು. ಸೂರ್ಯನ ಒಡಲಲ್ಲಿ ಹಗುರಾದ ಪರಮಾಣುಗಳು ಒಂದಕ್ಕೊಂದು ಬೆಸೆದುಕೊಂಡು ಶಕ್ತಿ ಹುಟ್ಟುತ್ತದಲ್ಲ, ಅದನ್ನು ಭೂಮಿಯ ಮೇಲೂ ಮಾಡಿ ಕರೆಂಟು ತೆಗೆಯಬೇಕೆಂದು ಬಹಳ ಜನ ಬಹಳ ವರ್ಷಗಳಿಂದ ಹೆಣಗುತ್ತಿದ್ದಾರೆ. ಕೋಡುಬಳೆಯ ಹಾಗೆ ದುಂಡಗಿರುವ ಉಕ್ಕಿನ ಪಾತ್ರೆ, ಅದರೊಳಗೆ ವಿಪರೀತ ಕಾದ ಅನಿಲ, ಆ ಅನಿಲ ಗೋಡೆಗೆ ತಾಗದಂತೆ ಹಿಡಿದಿಡುವ ಆಯಸ್ಕಾಂತಗಳು. ಎಷ್ಟು ಹಿಡಿದಿಟ್ಟರೂ ಶಾಖ ಅಂಚಿನಿಂದ ಸೋರುತ್ತಲೇ ಇರುತ್ತದೆ. ಎಲ್ಲಿ ಎಷ್ಟು ಸೋರುತ್ತದೆಂದು ಮೊದಲೇ ಹೇಳಬಲ್ಲ ಒಂದು ಕಂಪ್ಯೂಟರ್ ಪ್ರೋಗ್ರಾಮನ್ನು ನಾನು ನಾಲ್ಕು ವರ್ಷ ಕೂತು ಬರೆದಿದ್ದೆ. ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ನಾನು ಲೆಕ್ಕ ಎನ್ನುತ್ತೇನೆ.

ಬರೆದರಾಯಿತೇ? ಅದು ನಿಜವೆಂದು ಯಾರು ನಂಬಬೇಕು? ದೂರದ ಒಂದು ಸಂಶೋಧನಾಲಯದಲ್ಲಿ ಇಂಥ ಒಂದು ಸಣ್ಣ ಯಂತ್ರವಿದೆ. ಹೊರಗಿನವರಿಗೆ ಅಪರೂಪಕ್ಕೆ ಒಂದು ದಿನದ ಪಾಳಿ ಕೊಡುತ್ತಾರೆ. ಆ ದಿನ ಎಂಟು ಲೋಹದ ಸೂಜಿಗಳನ್ನು ಅನಿಲದ ಅಂಚಿಗೆ ಚಾಚಿ ಶಾಖ ಅಳೆಯಬಹುದು. ಸೂಜಿ ಎಲ್ಲೆಲ್ಲಿ ಚಾಚಬೇಕು, ಅಲ್ಲಿ ಎಷ್ಟು ಬರುತ್ತದೆಂದು ನನ್ನ ಲೆಕ್ಕ ಹೇಳುತ್ತದೆ, ಎಷ್ಟು ಹೆಚ್ಚುಕಡಿಮೆಯಾದರೆ ಸೋತೆನೆಂದು ಒಪ್ಪುತ್ತೇನೆ, ಎಲ್ಲವನ್ನೂ ಮೊದಲೇ ಪ್ರಸ್ತಾವವಾಗಿ ಬರೆದು ಕಳಿಸಬೇಕು. ಮೂರನೇ ಸಲವೂ ವಾಪಸು ಬಂದರೆ ಪಾಳಿ ಬೇರೆಯವರಿಗೆ. ಅಳತೆಗೆ ನಿಲ್ಲದ ಲೆಕ್ಕವನ್ನು ಈ ಕ್ಷೇತ್ರದಲ್ಲಿ ಯಾರೂ ಮೂಸಿ ನೋಡುವುದಿಲ್ಲ. ನನ್ನ ನಾಲ್ಕು ವರ್ಷ ಲ್ಯಾಪ್‌ಟಾಪಿನೊಳಗೇ ಮುದುಕಿಯಾಗುತ್ತಿತ್ತು.

ಪಾಳಿ ಹಂಚುವವರು ಅಲ್ಲಿಯ ಹಿರಿಯ ವಿಜ್ಞಾನಿ. ಮನಸ್ಸಿನೊಳಗೆ ನಾನು ಅವರನ್ನು ದೊಡ್ಡ ಮೇಡಂ ಎಂದು ಕರೆಯುತ್ತೇನೆ. ಎರಡು ಸಲವೂ ಅವರು ಬರೆದದ್ದು ಒಂದೇ ಸಾಲು: ಈ ಎಂಟರಲ್ಲಿ ನಿನ್ನನ್ನು ತಪ್ಪೆಂದು ತೋರಿಸಬಲ್ಲ ಸೂಜಿ ಯಾವುದು?

ನನ್ನ ಎಂಟೂ ಸೂಜಿಗಳು, ಉಪಕರಣ ತೂರಿಸಲೆಂದು ಯಂತ್ರದ ಗೋಡೆಯಲ್ಲಿ ಬಿಟ್ಟ ದೊಡ್ಡ ಕಿಂಡಿಯ ಮುಂದೆ ಸಾಲಾಗಿ ನಿಂತಿದ್ದವು. ಅಲ್ಲಿ ಕೈಯಾಡಿಸುವುದು ಸುಲಭ, ಹಿಂದಿನವರು ಅಳೆದ ಅಂಕಿಗಳೂ ಇದ್ದವು, ನನ್ನ ಲೆಕ್ಕ ಅವಕ್ಕೆ ಚೆನ್ನಾಗಿ ಹೊಂದುತ್ತಿತ್ತು. ಇನ್ನೇನು ಬೇಕು ಇವರಿಗೆ? ನನ್ನ ಲೆಕ್ಕ ಎಲ್ಲಿ ಮುಗ್ಗರಿಸುತ್ತದೆಂದು ನಾನೇ ಜಾಗ ಹುಡುಕಿ ಕೊಡಬೇಕಂತೆ! ಹೆತ್ತವಳಿಗೆ ಹೇಳುವ ಮಾತೇ ಇದು?

ತಲೆ ಕೆಟ್ಟು ಮೊಸರುಗಡಿಗೆಯಾದಾಗ ನಾನು ಹೋಗುವುದು ನಿಡೋಣಿಗೆ. ಅಲ್ಲಿ ನನ್ನ ಚಿಗವ್ವ ಇದ್ದಾಳೆ, ನಮ್ಮವ್ವನ ತಂಗಿ. ಅವಳದು ದ್ರಾಕ್ಷಿ ತೋಟ, ತೋಟದ ಪಕ್ಕದಲ್ಲೇ ಒಣದ್ರಾಕ್ಷಿ ಮಾಡುವ ಶೆಡ್ಡು. ಭಾನುವಾರ ಸ್ಕೂಟಿ ಹತ್ತಿ, ಬಬಲೇಶ್ವರದಲ್ಲಿ ಇಳಿದು ಎರಡು ಪ್ಲೇಟು ಮಿರ್ಚಿ ಭಜಿ ತಿಂದು, ಸಿಟ್ಟಿಗೆ ಖಾರ ಸೇರಿಸಿಕೊಂಡೇ ಹೋದೆ.

"ಯಾಕ ಬೇ, ಮಾರಿ ಹಿಂಗ ಬೆಂಡ ಆಗೇತಿ?" ಎಂದಳು ಚಿಗವ್ವ. ಎಲ್ಲ ಹೇಳಿದೆ. ಸೂರ್ಯ, ಪಾತ್ರೆ, ಸೂಜಿ, ದೊಡ್ಡ ಮೇಡಂ. ಅವಳು ಗಂಭೀರವಾಗಿ ಕೇಳಿಸಿಕೊಂಡಳು.

"ಅಂದ್ರ ಸೂರ್ಯಾನಂಗ ಬಿಸಿ ಮಾಡಾವ್ರ ನೀವು?"

"ಹೂಂ."

"ಬಿಜಾಪುರದಾಗ ಕುಂತು? ಯಾಕ, ಇಲ್ಲಿ ಬಿಸಲ ಕಡಿಮಿ ಬಿತ್ತೇನ ನಿಮಗ?"

ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು. ಆದರೆ ಹಟವೂ ಬಂತು. ಶೆಡ್ಡೆಂದರೆ ಮೇಲೆ ತಗಡು, ಸುತ್ತ ಹಸಿರು ಪರದೆ, ಒಳಗೆ ಒಂದರ ಮೇಲೊಂದು ಬಿಗಿದ ಬಲೆಗಳು. ದ್ರಾಕ್ಷಿ ಗೊಂಚಲುಗಳನ್ನು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ಆ ಬಲೆಗಳ ಮೇಲೆ ಹರಡುತ್ತಾರೆ. ಹದಿನೈದು ದಿನ ಗಾಳಿ ಆಡಿದರೆ ಹಣ್ಣು ಒಣಗಿ ಮಣೂಕವಾಗುತ್ತದೆ. ಇಲ್ಲೂ ಗಾಳಿ, ಶಾಖ, ಅಂಚಿನ ಸೋರಿಕೆ. ನನ್ನ ಯಂತ್ರಕ್ಕೆ ಹೋಲಿಸಿದರೆ ಇದು ಮಕ್ಕಳಾಟ ಅಂದುಕೊಂಡೆ.

"ಚಿಗವ್ವ, ನಿನ್ನ ಶೆಡ್ಡಿನ ಲೆಕ್ಕಾನೂ ಹಾಕಿ ತೋರಸ್ತೀನಿ ನೋಡು. ಯಾವ ಮೂಲಿ ಯಾವತ್ತ ಒಣಗತೈತಿ ಅಂತ ಕುಂತಲ್ಲೇ ಹೇಳ್ತೀನಿ."

"ಹೇಳವ್ವಾ, ಹೇಳು. ಕಾಯಾಕ ಒಂದ ಆಳ ಕಡಿಮಿ ಆತು."

ಮರುದಿನವೇ ಸ್ಟೇಷನ್ ರಸ್ತೆಯ ಅಂಗಡಿಯಿಂದ ಶಾಖ ಮತ್ತು ತೇವ ತೋರಿಸುವ ಹತ್ತು ಸಣ್ಣ ಮೀಟರು ತಂದು ಶೆಡ್ಡಿನಲ್ಲಿ ಕಟ್ಟಿದೆ. ಎಲ್ಲಿ ಕಟ್ಟಿದೆ? ನಡುವೆ ಓಡಾಡಲು ಬಿಟ್ಟ ದಾರಿಯುದ್ದಕ್ಕೂ, ನನ್ನ ಎದೆಯ ಎತ್ತರಕ್ಕೆ, ಬಗ್ಗದೆ ಓದಲು ಬರುವ ಹಾಗೆ. ದಿನಕ್ಕೆ ಮೂರು ಸಲ ಚಿಗವ್ವ ಮೀಟರುಗಳ ಫೋಟೋ ಕಳಿಸುತ್ತಿದ್ದಳು. ಪ್ರತಿ ಫೋಟೋದಲ್ಲೂ ಅವಳ ಹೆಬ್ಬೆರಳು ಇರುತ್ತಿತ್ತು. ಬೆರಳು ಬಿಟ್ಟು ಉಳಿದ ಅಂಕಿಗಳನ್ನು ನನ್ನ ಲೆಕ್ಕದ ಪಕ್ಕ ಇಟ್ಟರೆ ಒಂದಕ್ಕೊಂದು ಅಚ್ಚು ಹೊಡೆದಂತೆ ಕೂರುತ್ತಿದ್ದವು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹದಿನಾಲ್ಕನೇ ದಿನ ಸ್ವತಃ ಹೋಗಿ ತೀರ್ಪು ಕೊಟ್ಟೆ.

"ಎಲ್ಲಾ ಒಣಗೇತಿ. ನಾಳೆ ಇಳಸ್ರಿ."

"ತಡಿ, ಮುಟಗಿ ಆಗಲಿ," ಎಂದಳು ಚಿಗವ್ವ.

ಮುಟಗಿ ಎಂದರೆ ಮುಷ್ಟಿ. ಅವರಲ್ಲಿ ಅದೊಂದು ಪದ್ಧತಿ. ಮಣೂಕ ಇಳಿಸುವ ಮುಂಚೆ ಪಕ್ಕದ ಶೆಡ್ಡಿನವರು ಬಂದು ತಮಗೆ ಬೇಕಾದ ಕಡೆ ಕೈ ಹಾಕಿ ಒಂದು ಮುಷ್ಟಿ ತೆಗೆದು ಗಟ್ಟಿಯಾಗಿ ಹಿಂಡಿ ಬಿಡುತ್ತಾರೆ. ಕಾಳುಗಳು ಬಿಡಿಬಿಡಿಯಾಗಿ ಉದುರಿದರೆ ಒಣಗಿದೆ. ಉಂಡೆಗಟ್ಟಿ ಅಂಗೈಗೆ ಅಂಟಿದರೆ ಹಸಿಯಿದೆ. ಶೆಡ್ಡಿನ ಒಡತಿ ಆಗ ಒಳಗಿರುವಂತಿಲ್ಲ. ಹೊರಗೆ ಶೆಡ್ಡಿಗೆ ಬೆನ್ನು ಮಾಡಿ ಕೂತಿರಬೇಕು, ಅಲ್ಲಿ ನೋಡು ಇಲ್ಲಿ ನೋಡು ಎನ್ನುವ ಹಾಗಿಲ್ಲ.

"ಅದರ ಗರಜಿಲ್ಲ ಈಗ," ಎಂದೆ. "ಕಂಪ್ಯೂಟರ್ ಹೇಳೇತಲ್ಲ."

"ನಿನ್ನ ಕಂಪ್ಯೂಟರ್ ನನ್ನ ಬೈಯೂದಿಲ್ಲ ಬೇ. ತಿಕೋಟಾದಾಕಿ ಬೈತಾಳ."

ತಿಕೋಟಾದಾಕಿ ಎಂದರೆ ಪಕ್ಕದ ತೋಟದ ಒಡತಿ. ತವರು ತಿಕೋಟಾ, ಮದುವೆಯಾಗಿ ಮೂವತ್ತು ವರ್ಷವಾದರೂ ಊರಿಗೆಲ್ಲ ಅದೇ ಹೆಸರು. ನಮ್ಮ ಚಿಗವ್ವನಿಗೂ ಆಕೆಗೂ ಬದುವಿನ ಮೇಲಿನ ಬೇವಿನ ಮರದ ಸಲುವಾಗಿ ಹಳೆಯ ಜಗಳ. ಇಬ್ಬರೂ ಒಬ್ಬರ ಮನೆಯಲ್ಲೊಬ್ಬರು ನೀರೂ ಕುಡಿಯುವುದಿಲ್ಲ. ಆದರೆ ಮುಟಗಿಗೆ ಮಾತ್ರ ಆಕೆಯೇ ಬರಬೇಕು. ಯಾಕೆ, ನಿನ್ನ ಗೆಳತಿಯರು ಯಾರೂ ಇಲ್ಲವೇ ಎಂದು ಕೇಳಿದೆ.

"ಗೆಳತ್ಯಾರು ಹೌದ್ ಹೌದ್ ಅಂತಾರ. ಬೂಷ್ಟ ಹಿಡದ ಮ್ಯಾಲ ಅವರ ಬಂದು ಅಳತಾರ. ನನಗ ಅದೇನ ಮಾಡೂದೈತಿ?"

ತಿಕೋಟಾದಾಕಿ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರನ್ನೂ ಮಾತಾಡಿಸದೆ ಸೀದಾ ಒಳಗೆ ಹೋದರು. ನಾನೂ ಚಿಗವ್ವನೂ ಜಗಳದ ಬೇವಿನ ಮರದ ಕೆಳಗೇ ಶೆಡ್ಡಿಗೆ ಬೆನ್ನು ಹಾಕಿ ಕೂತೆವು. ನನಗೆ ಚೂರೂ ಅಂಜಿಕೆ ಇರಲಿಲ್ಲ. ಐದು ನಿಮಿಷಕ್ಕೆ ಆಕೆ ಹೊರಬಂದು ನಮ್ಮ ಮುಂದೆ ಮುಷ್ಟಿ ಬಿಚ್ಚಿದರು. ಮಣೂಕ ಒಂದೂ ಉದುರಲಿಲ್ಲ. ಉಂಡೆಯಾಗಿ ಅಂಗೈಗೆ ಅಂಟಿಕೊಂಡಿತ್ತು.

"ನೋಡ್ರಿ ಮೇಡಮ್ಮಾರ. ಇದನ್ನ ಉಳದದ್ರ ಜೋಡಿ ಡಬ್ಬ್ಯಾಗ ತುಂಬಿದ್ರ, ಎಂಟ ದಿನದಾಗ ಎಲ್ಲಾ ಬೂಷ್ಟ."

"ಎಲ್ಲಿದ್ರಿ ಇದು?"

"ಪಡುವಣ ಮೂಲಿ. ತೀರಾ ಕೆಳಗಿನ ಬಲಿ."

"ಸಾಧ್ಯಾನ ಇಲ್ರಿ!" ಎಂದು ಎದ್ದು ನಿಂತೆ. "ಗಾಳಿ ಆ ಕಡಿಂದನ ಬರ್ತೈತಿ. ಎಲ್ಲಾಕ್ಕಿಂತ ಮೊದಲ ಆ ಮೂಲೀನ ಒಣಗಬೇಕು. ನನ್ನ ಲೆಕ್ಕದಾಗ ಐತಿ."

ಆಕೆ ನನ್ನ ರಟ್ಟೆ ಹಿಡಿದು ಶೆಡ್ಡಿನ ಆಚೆ ಬದಿಗೆ ಕರೆದೊಯ್ದರು. ಪಡುವಣ ಪರದೆಯ ಮೇಲೆ, ಕೆಳಗಿನ ಸಾಲಿಗೆ, ಗಂಡಸರ ಎಂಟು ತುಂಬುತೋಳಿನ ಅಂಗಿಗಳು ಒಣಗುತ್ತಿದ್ದವು. ಗೊಂಚಲು ಅದ್ದುವಾಗ, ಆಮೇಲೂ ದಿನಾ ಬಲೆಗಳ ಮೇಲೆ ಅದೇ ನೀರು ಸಿಂಪಡಿಸುವಾಗ, ಸೀರೆಗೆ ಎಣ್ಣೆ ತಾಗಬಾರದೆಂದು ಹೆಣ್ಣುಮಕ್ಕಳು ಗಂಡಂದಿರ ಹಳೇ ಅಂಗಿ ತೊಟ್ಟಿರುತ್ತಾರೆ. ಮಧ್ಯಾಹ್ನ ಬುತ್ತಿ ಬಿಚ್ಚುವ ಮುಂಚೆ ಅದನ್ನು ಹಿಂಡಿ ಅಲ್ಲಿ ಹರವುತ್ತಾರೆ. ಗಾಳಿ ಚೆನ್ನಾಗಿ ಬರುವ ಜಾಗ ಅಂತಲೇ ಅಲ್ಲಿ! ದಿನಾ ಬಿಸಿಲೇರಿದ ಹೊತ್ತಿನಲ್ಲಿ ಆ ಮೂಲೆಯ ಗಾಳಿಯನ್ನೆಲ್ಲ ಅಂಗಿಗಳು ಕುಡಿಯುತ್ತಿದ್ದವು. ಊರಿಗೇ ಗೊತ್ತಿದ್ದ ಸಂಗತಿ. ನನ್ನ ಲೆಕ್ಕದಲ್ಲಿ ಆ ಪರದೆ ಪೂರ್ತಿ ಖುಲ್ಲಾ ಇತ್ತು. ನನ್ನ ಹತ್ತು ಮೀಟರುಗಳಲ್ಲಿ ಒಂದೂ ಆ ಮೂಲೆಯ ಹತ್ತಿರಕ್ಕೂ ಹೋಗಿರಲಿಲ್ಲ, ಯಾಕೆಂದರೆ ಅಲ್ಲಿ ಓದಬೇಕೆಂದರೆ ನಾನು ಮೊಣಕಾಲೂರಿ ಕೂರಬೇಕಿತ್ತು.

ಸಿಟ್ಟಿನಿಂದ ಅಂಗಿಗಳನ್ನು ಕೀಳತೊಡಗಿದೆ. ಚಿಗವ್ವ ಹಿಂದಿನಿಂದ ಗದರಿದಳು.

"ಏಯ್, ಅದನ್ಯಾಕ ತಗೀತಿ? ಅವರೇನ ಒದ್ದಿ ಅಂಗಿ ಹಾಕ್ಕೊಂಡ ಮತ್ತ ಕೆಲಸಕ್ಕ ನಿಂದ್ರಬೇಕೇನ? ಅಂಗಿ ಅಲ್ಲೇ ಇರ್ತಾವ. ನಿನ್ನ ಲೆಕ್ಕದಾಗ ಅಂಗಿ ಹಾಕ್ಕೋ, ಹೋಗು!"

ನನ್ನ ಮುಖ ಸಪ್ಪಗಾಯಿತು. ಚಿಗವ್ವ ಮಾತ್ರ ಗೆಲುವಾಗಿದ್ದಳು. ಆ ಮೂಲೆಯ ಬಲೆಗಳನ್ನು ಇನ್ನೆರಡು ದಿನ ಬಿಟ್ಟು ಉಳಿದದ್ದನ್ನು ಇಳಿಸುವುದೆಂದು ಹೇಳಿ, ತಿಕೋಟಾದಾಕಿಯ ಕಡೆ ತಿರುಗಿ "ಛಲೋ ಆತು ತಗೋ" ಎಂದಳು. ಆ ವರ್ಷ ಇಬ್ಬರ ನಡುವೆ ನಡೆದ ಮಾತು ಬಹುಶಃ ಅಷ್ಟೇ. ನಾನು ಸುಮ್ಮನಿರಲಾರದೆ ಕೇಳಿದೆ.

"ಅಷ್ಟ ದೊಡ್ಡ ಶೆಡ್ಡಿನಾಗ ಸೀದಾ ಅದ ಮೂಲಿಗೇ ಹೆಂಗ ಹೋದ್ರಿ ನೀವು?"

ಆಕೆ ಕೈ ತೊಳೆಯುತ್ತ ನಕ್ಕರು. "ನಮ್ಮ ಶೆಡ್ಡಿನಾಗೂ ಅದ ಮೂಲಿ ಹಸಿ ಇರ್ತೈತ್ರಿ. ನನಗ ಎಲ್ಲಿ ಅಂಜಿಕಿ ಐತಿ, ಇಲ್ಲೂ ಅಲ್ಲೇ ಕೈ ಹಾಕ್ತೀನಿ."

ವಾಪಸು ಬರುವಾಗ ಬಬಲೇಶ್ವರದಲ್ಲಿ ಭಜಿ ನೆನಪೂ ಆಗಲಿಲ್ಲ. ದೊಡ್ಡ ಮೇಡಂ ಎರಡು ಸಲ ಕೇಳಿದ್ದ ಪ್ರಶ್ನೆ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ದೊಡ್ಡ ಕಿಂಡಿಯ ಮುಂದೆ ಸಾಲಾಗಿ ನಿಂತ ನನ್ನ ಎಂಟು ಸೂಜಿಗಳಿಗೂ ಎದೆಯ ಎತ್ತರಕ್ಕೆ ಕಟ್ಟಿದ ಹತ್ತು ಮೀಟರುಗಳಿಗೂ ಏನು ವ್ಯತ್ಯಾಸ? ಮನೆಗೆ ಬಂದವಳೇ ಪ್ರಸ್ತಾವವನ್ನು ಮೊದಲಿನಿಂದ ಬರೆದೆ. ಸೂಜಿಗಳನ್ನು ಕಿಂಡಿಯ ಮುಂದಿನಿಂದ ಎಬ್ಬಿಸಿ ದೂರ ದೂರ ಓಡಿಸಿದೆ. ಆದರೂ ಅನುಮಾನ ಹೋಗಲಿಲ್ಲ. ಜಾಗ ಆರಿಸುತ್ತಿರುವವಳು ಮತ್ತೆ ನಾನೇ ಅಲ್ಲವೇ? ಶೆಡ್ಡಿನ ಒಡತಿ ಒಳಗೇ ಕೂತ ಹಾಗಾಯಿತು.

ನನಗೂ ಒಬ್ಬ ತಿಕೋಟಾದಾಕಿ ಇದ್ದರು. ಮೈಸೂರು ಕಡೆಯ ಒಬ್ಬ ಪ್ರೊಫೆಸರು. ನನ್ನದೇ ವಿಷಯದ ಮೇಲೆ ಅವರದೂ ಒಂದು ಪ್ರೋಗ್ರಾಮು. ಪ್ರತಿ ಸಭೆಯಲ್ಲೂ ನಾನು ಮಾತು ಮುಗಿಸಿದ ಕೂಡಲೇ ಎದ್ದು, "ಮೇಡಂ, ನಿಮ್ಮ ಕೆಲಸ ತುಂಬಾ ಚೆನ್ನಾಗಿದೆ, ಆದರೆ…" ಎನ್ನುತ್ತಿದ್ದರು. ಆ 'ಆದರೆ'ಗೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ಬೈದಿದ್ದರೆ ವಾಪಸು ಬೈಯಬಹುದಿತ್ತು, ಇವರು ಅಷ್ಟು ಮರ್ಯಾದೆಯಿಂದ ಚುಚ್ಚುತ್ತಿದ್ದರು. ಅವರಿಗೆ ಬರೆದೆ: ನನ್ನ ಪಾಳಿಯಲ್ಲಿ ಒಂದು ಸೂಜಿಯ ಜಾಗವನ್ನು ನೀವು ಆರಿಸಿ. ಎಂಟೂ ಸೂಜಿಗಳಿಗೆ ನನ್ನ ಲೆಕ್ಕವನ್ನೂ ನಿಮ್ಮ ಲೆಕ್ಕವನ್ನೂ ಲಕೋಟೆಯಲ್ಲಿ ಮುಚ್ಚಿ ಮೊದಲೇ ದೊಡ್ಡ ಮೇಡಂ ಹತ್ತಿರ ಇಡೋಣ. ಅಳತೆ ಮುಗಿದ ಮೇಲೆ ತೆರೆಯೋಣ.

ಒಂದು ವಾರ ಉತ್ತರವಿಲ್ಲ. ಆಮೇಲೆ ಎರಡೇ ಸಾಲು ಬಂತು. ಕೆಳಗಿನ ಸಣ್ಣ ಕಿಂಡಿಯ ಎಡಬದಿ ಇರಲಿ ಮೇಡಂ, ಉಳಿದದ್ದು ನಿಮ್ಮಿಷ್ಟ. ಅಲ್ಲಿ ಹಿಂದೆ ಯಾರೂ ಅಳೆದಿರಲಿಲ್ಲ. ಅಲ್ಲಿಗೆ ಸೂಜಿ ಚಾಚುವುದೇ ತ್ರಾಸು. ಹಾಗೆಯೇ ಬರೆದು ಮೂರನೇ ಸಲ ಕಳಿಸಿದೆ. ದೊಡ್ಡ ಮೇಡಂ ಈ ಸಲವೂ ಒಂದೇ ಸಾಲು ಬರೆದರು: ಪಾಳಿ ಕೊಟ್ಟಿದ್ದೇನೆ.

ಪಾಳಿಯ ದಿನ ಯಂತ್ರ ಅಲ್ಲಿ, ನಾನು ಸ್ಟೇಷನ್ ರಸ್ತೆಯ ಮನೆಯಲ್ಲಿ. ಈಗ ಎಲ್ಲ ಪರದೆಯ ಮೇಲೇ ಕಾಣುತ್ತದೆ. ಒಂದು ಚೌಕದಲ್ಲಿ ಯಂತ್ರದ ಕೋಣೆ, ಒಂದರಲ್ಲಿ ದೊಡ್ಡ ಮೇಡಂ, ಇನ್ನೊಂದರಲ್ಲಿ ಮೈಸೂರಿನ ಪ್ರೊಫೆಸರು. ಬಳೆ ಇಡಿಸಿಕೊಳ್ಳಲು ಊರಿಗೆ ಬಂದಿದ್ದ ಚಿಗವ್ವ ನನ್ನ ಪಕ್ಕ ಮಂಚದ ಮೇಲೆ ಕಾಲು ಮಡಚಿ ಕೂತಿದ್ದಳು. ಯಂತ್ರ ಒಂದು ಸಲ ಉರಿದರೆ ಚಪ್ಪಾಳೆ ತಟ್ಟುವಷ್ಟು ಹೊತ್ತೂ ಇರುವುದಿಲ್ಲ. ಅದನ್ನೇ ಮತ್ತೆ ಮತ್ತೆ ಉರಿಸಿ, ಪ್ರತಿ ಸಲ ಅಳತೆ ಎಷ್ಟು ಅತ್ತಿತ್ತ ಆಗುತ್ತದೆಂದು ನೋಡಬೇಕು.

"ಇಷ್ಟಕ್ಕ ಇಷ್ಟ ಮಂದಿ ಕುಂತೀರೇನ?" ಎಂದಳು ಚಿಗವ್ವ. ಆದರೂ ಎದ್ದು ಹೋಗಲಿಲ್ಲ.

ಸಂಜೆ ನಾಲ್ಕಕ್ಕೆ ಅಳತೆ ಮುಗಿಯಿತು. ಲಕೋಟೆ ತೆರೆದರು. ಮೊದಲ ಸೂಜಿ ನನ್ನ ಲೆಕ್ಕದೊಳಗೇ ಬಂತು. ಎರಡನೆಯದು ಬಂತು. ಒಂದೊಂದಕ್ಕೂ ನಾನು ಚಿಗವ್ವನ ತೊಡೆ ಚಿವುಟುತ್ತಿದ್ದೆ. ಏಳನೆಯದೂ ಬಂದಾಗ ಕಣ್ಣಲ್ಲಿ ನೀರು ತುಂಬಿತು. ಎಂಟನೆಯದು ಪ್ರೊಫೆಸರ ಸೂಜಿ. ನಾನು ಹೇಳಿದ್ದರ ಅರ್ಧದಷ್ಟೇ ಶಾಖ ಅಲ್ಲಿತ್ತು. ಅರ್ಧ! ಹೆಚ್ಚುಕಡಿಮೆ ಎಷ್ಟು ಬಿಟ್ಟರೂ ಹೊಂದುವ ಮಾತೇ ಇಲ್ಲ.

ಚಿಗವ್ವ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು. "ಹಸಿ ಬಂತೇನ ಬೇ?"

"ಬಂತು, ಚಿಗವ್ವ."

ಇನ್ನು 'ಆದರೆ' ಬರುತ್ತದೆ ಎಂದು ಹಲ್ಲು ಕಚ್ಚಿ ಕಾದೆ. ಬರಲಿಲ್ಲ. ಕೊನೆಗೆ ನಾನೇ ಕೇಳಿದೆ. "ಸರ್, ಅಲ್ಲೇ ತಪ್ಪತೈತಿ ಅಂತ ನಿಮಗ ಹೆಂಗ ಗೊತ್ತಿತ್ರಿ?"

ಪ್ರೊಫೆಸರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಗೊತ್ತಿರಲಿಲ್ಲ ಮೇಡಂ. ನನ್ನ ಲೆಕ್ಕಕ್ಕೆ ಅಲ್ಲೇ ಭಯ ಇತ್ತು. ಅಲ್ಲಿ ಅಳೀಬೇಕು ಅಂತ ನನ್ನ ಪ್ರಸ್ತಾವದಲ್ಲಿ ಮೂರು ಸಲ ಬರೆದು, ಮೂರು ಸಲಾನೂ ನಾನೇ ಹೊಡೆದು ಹಾಕಿದ್ದೀನಿ. ನೀವು ಕೇಳಿದಾಗ ಒಂದು ವಾರ ನಿದ್ದೆ ಬರಲಿಲ್ಲ. ನನ್ನ ಲಕೋಟೆ ನೋಡಿ." ನೋಡಿದೆ. ಅವರದು ನನ್ನದಕ್ಕಿಂತ ಹೆಚ್ಚು ತಪ್ಪಿತ್ತು.

ಇಷ್ಟು ವರ್ಷ ಇವರಿಗೆ ಹೆದರಿದ್ದೆನಲ್ಲ, ಇವರೂ ಅದೇ ಮೂಲೆಗೆ ಹೆದರಿಕೊಂಡು ಕೂತಿದ್ದರು ಎನ್ನಿಸಿ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಚಿಗವ್ವ ನನ್ನನ್ನು ಸರಿಸಿ ಪರದೆಗೆ ಮುಖ ಕೊಟ್ಟಳು.

"ಸರ್ರ, ಅಲ್ಲಿ ಯಾರರೆ ಅಂಗಿ ಒಣಹಾಕ್ಯಾರೇನ ನೋಡ್ರಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪ್ರೊಫೆಸರು ಕಣ್ಣು ಪಿಳುಕಿಸಿದರು. ದೊಡ್ಡ ಮೇಡಂ ಆಕೆ ಏನೆಂದರೆಂದು ಕೇಳಿದರು. ಬೇರೆ ದಾರಿಯಿಲ್ಲದೆ ಶೆಡ್ಡು, ಮುಟಗಿ, ಅಂಗಿ, ಎಲ್ಲ ಕಥೆ ಹೇಳಿದೆ. ಎಲ್ಲರೂ ನಕ್ಕರು, ಯಂತ್ರದ ಕೋಣೆಯ ಇಂಜಿನಿಯರೊಬ್ಬರು ಮಾತ್ರ ನಗಲಿಲ್ಲ. ಆ ಕಿಂಡಿಯ ಬಳಿ ಹಳೆಯ ಉಪಕರಣವೊಂದನ್ನು ಕಳಚಿದ್ದು ನೆನಪಿದೆ, ಪಾತ್ರೆ ತೆರೆದಾಗ ನೋಡುತ್ತೇನೆ ಎಂದರು.

ಮೂರು ವಾರದ ನಂತರ ಪಾತ್ರೆ ತೆರೆದರು. ಉಪಕರಣ ತೆಗೆದಿದ್ದರು, ಅದನ್ನು ಹಿಡಿದಿದ್ದ ಅಂಗೈಯಗಲದ ಲೋಹದ ಪಟ್ಟಿ ಒಳಗೇ ಉಳಿದಿತ್ತು. ಸೋರಿ ಬರುವ ಶಾಖಕ್ಕೆ ಅಡ್ಡವಾಗಿ, ಸೂಜಿಯ ಮುಂದೆಯೇ. ನನ್ನ ನಕ್ಷೆಯಲ್ಲೂ ಅದು ಇರಲಿಲ್ಲ, ಅವರ ನಕ್ಷೆಯಲ್ಲೂ ಇರಲಿಲ್ಲ. ದೊಡ್ಡ ಮೇಡಂ ಮುಂದಿನ ಪಾಳಿಯನ್ನು ಇಬ್ಬರಿಗೂ ಸೇರಿಸಿ ಕೊಟ್ಟರು.

ಅವತ್ತೇ ಪ್ರೊಫೆಸರು ಫೋನು ಮಾಡಿದರು. "ಮೇಡಂ, ಆ ಪಟ್ಟಿ ಕಿತ್ತುಬಿಡಲಾ ಅಂತ ಇಂಜಿನಿಯರು ಕೇಳ್ತಿದ್ದಾರೆ. ಕಿತ್ತರೆ ನಮ್ಮಿಬ್ಬರ ಲೆಕ್ಕಾನೂ ಬಹುಶಃ ಸರಿಹೋಗುತ್ತೆ."

ಪುಸಲಾಯಿಸುವ ಮಾತು. ಎಂಟಕ್ಕೆ ಎಂಟು! ಒಂದು ಗಳಿಗೆ ನನ್ನ ನಾಲಿಗೆಯ ಮೇಲೆ 'ಹೂಂ' ಬಂದು ಕೂತಿತ್ತು. ಪಡುವಣ ಪರದೆಯ ಮುಂದೆ ಎರಡೂ ಕೈಯಲ್ಲಿ ಒದ್ದೆ ಅಂಗಿ ಹಿಡಿದು ನಿಂತಿದ್ದು ನೆನಪಾಯಿತು.

"ಬ್ಯಾಡ್ರಿ ಸರ್," ಎಂದೆ. "ಅಂಗಿ ಅಲ್ಲೇ ಇರ್ಲಿ. ಮೊದಲ ನಮ್ಮ ಲೆಕ್ಕದಾಗ ಹಾಕ್ಕೊಳ್ಳೂಣು."